ಬಂಗಲೆಯಲ್ಲಿ ಕೊಲೆಯಾದರೆ ಮೊದಲು ಅಡುಗೆಮನೆಗೆ ಹೋಗಿ

ಬಟ್ಲರ್ ಅಂದರೆ ಅಡುಗೆಯವನು ಅಂತ ನಾನು ಬಹಳ ವರ್ಷ ನಂಬಿದ್ದೆ. ನಮ್ಮ ಕಾಫಿ ಸೀಮೆಯ ಎಸ್ಟೇಟ್ ಬಂಗಲೆಗಳಲ್ಲಿ, ಬೆಂಗಳೂರು ದಂಡಿನ ಹಳೇ ಮನೆಗಳಲ್ಲಿ ಆ ಪದಕ್ಕೆ ಅದೇ ಅರ್ಥ. ಸಾಹೇಬರಿಗೆ ಅಡುಗೆ ಮಾಡಿ, ಬಡಿಸಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲೇ ಎಲ್ಲ ಸಂಭಾಳಿಸುವವನು ಬಟ್ಲರ್. ‘ಬಟ್ಲರ್ ಇಂಗ್ಲಿಷ್’ ಅನ್ನುವ ಮಾತು ಬಂದಿದ್ದೂ ಅಂಥವರಿಂದಲೇ. ಹಾಗಾಗಿ ಮೊದಲ ಸಲ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿ ಓದಿದಾಗ, ಅಲ್ಲಿನ ಬಟ್ಲರ್ ಒಲೆಯ ಹತ್ತಿರವೂ ಸುಳಿಯದೆ ಬೆಳ್ಳಿ ಚಮಚ ಎಣಿಸುತ್ತಾ, ವೈನ್ ಸುರಿಯುತ್ತಾ, ಬಾಗಿಲು ತೆಗೆಯುತ್ತಾ ಇರುವುದನ್ನು ನೋಡಿ ಇವನಿಗೆ ಬೇರೆ ಕೆಲಸ ಇಲ್ವಾ ಅನ್ನಿಸಿತ್ತು.

ಅಲ್ಲಿ ಅವನ ಕೆಲಸ ಅದೇ. ಬಟ್ಲರ್ ಅನ್ನುವ ಪದದೊಳಗೇ ಬಾಟಲಿ ಇದೆ, ಹಳೇ ಫ್ರೆಂಚಿನಲ್ಲಿ ಬಾಟಲಿಗಳ ಉಸ್ತುವಾರಿ ನೋಡುವವನು ಅಂತ ಅರ್ಥ. ವೈನಿನ ನೆಲಮಾಳಿಗೆಯ ಬೀಗದಕೈ ಅವನ ಹತ್ತಿರ. ಮನೆಯ ಗಂಡಾಳುಗಳಿಗೆಲ್ಲ ಅವನೇ ಯಜಮಾನ. ಅಡುಗೆಯವಳು ಬೇರೆ, ಅವಳ ರಾಜ್ಯವೇ ಬೇರೆ.

ಸಣ್ಣ ವಿಷಯ ಅನ್ನಿಸಬಹುದು. ಆದರೆ ದೊಡ್ಡ ಬಂಗಲೆ, ಹೊರಗೆ ಮಳೆ, ಒಳಗೆ ಹತ್ತು ಹನ್ನೆರಡು ಅತಿಥಿಗಳು, ಬೆಳಗಾದರೆ ಲೈಬ್ರರಿಯಲ್ಲಿ ಒಂದು ಹೆಣ ಅನ್ನುವಂಥ ಕತೆಗಳಿವೆಯಲ್ಲ, ಅಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಯಾರು ಯಾವ ಬಾಗಿಲಿನಿಂದ ಬರುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಅರ್ಧ ಕತೆ ಕೈತಪ್ಪುತ್ತದೆ. ಸಾಯುವವರು, ಆಸ್ತಿಗೆ ಕಚ್ಚಾಡುವವರು, ಕೊನೆಗೆ ಸಿಕ್ಕಿಬೀಳುವವರು ಬಹುತೇಕ ಮಹಡಿ ಮೇಲಿನ ಜನ. ಅವರನ್ನು ಸಿಕ್ಕಿಸಿಹಾಕುವ ಸುಳಿವುಗಳು ಮಾತ್ರ ಕೆಳಗಿನವರ ದಿನಗೆಲಸದಿಂದ ಬಂದಿರುತ್ತವೆ. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೇಳುವಾಗ ಮೂರ್ನಾಲ್ಕು ಕತೆಗಳ ಗುಟ್ಟು ರಟ್ಟಾಗುತ್ತದೆ, ಅದು ಬೇಡ ಅನ್ನುವವರು ಇಲ್ಲೇ ನಿಲ್ಲಿಸಬಹುದು.

ಒಂದೇ ಸೂರು, ಎರಡು ಮನೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಿರಿವಂತರ ಬಂಗಲೆಗೆ ನಕ್ಷೆ ಹಾಕುವಾಗಲೇ ಅದರೊಳಗೆ ಇನ್ನೊಂದು ಮನೆಯನ್ನೂ ಸೇರಿಸಿ ಹಾಕುತ್ತಿದ್ದರು. ಅಗಲವಾದ ಚೆಂದದ ಮೆಟ್ಟಿಲು ಮನೆಯವರಿಗೆ. ಗೋಡೆಯ ಆಚೆ ಇರುವ ಕಿರಿದಾದ, ಕಡಿದಾದ, ಕತ್ತಲ ಮೆಟ್ಟಿಲು ಆಳುಕಾಳುಗಳಿಗೆ. ಅಡುಗೆಮನೆ, ಉಗ್ರಾಣ, ಕೆಲಸದವರು ಕೂತು ಉಣ್ಣುವ ಹಾಲ್ ಎಲ್ಲ ಕೆಳಗೆ. ಕೆಲಸದ ಹುಡುಗಿಯರು ಮಲಗುವುದು ಸೂರಿನಡಿಯ ಅಟ್ಟದಲ್ಲಿ, ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಗಡಗಡ. ಎರಡು ಲೋಕ ಸೇರುವ ಕಡೆ ಒಂದು ಬಾಗಿಲು. ಅದಕ್ಕೆ ಹಸಿರು ಬಣ್ಣದ ದಪ್ಪ ಉಣ್ಣೆಬಟ್ಟೆ ಹೊಡೆದಿರುತ್ತಿದ್ದರು, ಕೆಳಗಿನ ಪಾತ್ರೆ ಸದ್ದು ಮೇಲೆ ಕೇಳಬಾರದು ಅಂತ. ಮೇಲಿನವರು ಕೋಣೆಯಲ್ಲಿ ಹಗ್ಗ ಎಳೆದರೆ ಕೆಳಗಿನ ಓಣಿಯಲ್ಲಿ ಗಂಟೆ ಆಡುತ್ತಿತ್ತು. ಸಾಲಾಗಿ ಗಂಟೆಗಳು, ಒಂದೊಂದು ಕೋಣೆಗೆ ಒಂದೊಂದು. ರಾತ್ರಿ ಎರಡು ಗಂಟೆಗೆ ಯಾರ ಕೋಣೆಯ ಗಂಟೆ ಬಾರಿಸಿತು ಅಂತ ಕೆಳಗಿನವರಿಗೆ ಗೊತ್ತು, ಪಕ್ಕದ ಕೋಣೆಯಲ್ಲಿ ಮಲಗಿದ ಹೆಂಡತಿಗೆ ಗೊತ್ತಿಲ್ಲ. ಪತ್ತೇದಾರಿ ಬರೆಯುವವರಿಗೆ ಇನ್ನೇನು ಬೇಕು!

ಕೆಳಗಿನವರೆಲ್ಲ ಒಂದೇ ಅಂದುಕೊಂಡರೆ ಮಾತ್ರ ಕೆಟ್ಟಿರಿ. ಮೇಲಿಗಿಂತ ಅಲ್ಲೇ ಮೇಲುಕೀಳು ಜಾಸ್ತಿ. ಬಟ್ಲರ್, ಹೆಣ್ಣಾಳುಗಳ ಉಸ್ತುವಾರಿ ನೋಡುವ ಹೌಸ್‌ಕೀಪರ್, ಯಜಮಾನನಿಗೆ ಬಟ್ಟೆ ತೊಡಿಸುವ ವ್ಯಾಲೆ, ಯಜಮಾನಿಯ ತಲೆ ಬಾಚುವ ಲೇಡೀಸ್ ಮೇಡ್, ಇವರೆಲ್ಲ ಮೇಲ್ದರ್ಜೆ. ಎಷ್ಟೋ ಮನೆಗಳಲ್ಲಿ ಇವರು ಎಲ್ಲರ ಜೊತೆ ಊಟಕ್ಕೆ ಕೂತು, ಸಿಹಿ ತಿನ್ನುವ ಹೊತ್ತಿಗೆ ಗತ್ತಿನಿಂದ ಎದ್ದು ಹೌಸ್‌ಕೀಪರ್ ಕೋಣೆಗೆ ಹೋಗಿಬಿಡುತ್ತಿದ್ದರು. ಬಟ್ಲರ್ ಕೈಕೆಳಗಿನ ಫುಟ್‌ಮನ್, ಕೋಣೆ ಗುಡಿಸುವ ಹೌಸ್‌ಮೇಡ್, ಅಡುಗೆಮನೆ ಹುಡುಗಿಯರು ಕೆಳದರ್ಜೆ. ಎಲ್ಲರಿಗಿಂತ ಕೆಳಗೆ ಪಾತ್ರೆ ತೊಳೆಯುವ ಹುಡುಗಿ. ಹೆಸರಿನಲ್ಲೂ ಅದೇ ಲೆಕ್ಕ. ಹೌಸ್‌ಕೀಪರಿಗೂ ಅಡುಗೆಯವಳಿಗೂ ಮದುವೆ ಆಗಿರಲಿ ಬಿಡಲಿ ‘ಮಿಸೆಸ್’. ಬಟ್ಲರನ್ನು ಮನೆಯವರು ಬರೀ ಮನೆತನದ ಹೆಸರು ಹಿಡಿದು ಕೂಗುತ್ತಾರೆ, ಅದೇ ಹೆಸರಿಗೆ ಕೆಳಗಿನವರು ‘ಮಿಸ್ಟರ್’ ಸೇರಿಸಲೇಬೇಕು. ಫುಟ್‌ಮನ್‌ಗಳಿಗಂತೂ ಎಷ್ಟೋ ಕಡೆ ಅಪ್ಪ ಅಮ್ಮ ಇಟ್ಟ ಹೆಸರೂ ಉಳಿಯುತ್ತಿರಲಿಲ್ಲ. ಯಾರು ಕೆಲಸಕ್ಕೆ ಬಂದರೂ ಜಾನ್, ಇಲ್ಲವೇ ಜೇಮ್ಸ್. ಹೊಸಬ ಬಂದಾಗ ಹೊಸ ಹೆಸರು ನೆನಪಿಟ್ಟುಕೊಳ್ಳುವ ತೊಂದರೆ ಯಜಮಾನರಿಗೆ ಯಾಕೆ, ಅಲ್ವಾ.

ಗಂಡಾಳು ಇಟ್ಟುಕೊಳ್ಳುವುದು ಆಗ ಒಂದು ಶೋಕಿ. 1777ರಲ್ಲಿ ಅಮೆರಿಕದ ಯುದ್ಧದ ಖರ್ಚಿಗೆ ಅಂತ ಸರ್ಕಾರ ಗಂಡಾಳುಗಳ ಮೇಲೆ ತೆರಿಗೆ ಹಾಕಿತು. ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ, 1937ರವರೆಗೂ ಇತ್ತು. ಎತ್ತರದ ಇಬ್ಬರು ಹುಡುಗರನ್ನು ಜೋಡಿ ಎತ್ತಿನ ಹಾಗೆ ಆರಿಸಿ, ಜರಿ ಕೋಟು ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದರೆ, ನಮಗೆ ತೆರಿಗೆ ಕಟ್ಟುವ ತಾಕತ್ತಿದೆ ನೋಡಿ ಅಂತ ಬಂದವರಿಗೆಲ್ಲ ಹೇಳಿದ ಹಾಗೆ. ಹೆಣ್ಣಾಳುಗಳು ಅಗ್ಗ. 1861ರಲ್ಲಿ ಅಚ್ಚಾದ ಹೆಸರಾಂತ ಗೃಹಕೃತ್ಯದ ಪುಸ್ತಕವೊಂದರಲ್ಲಿ ಬಟ್ಲರಿಗೆ ವರ್ಷಕ್ಕೆ 25ರಿಂದ 50 ಪೌಂಡ್ ಸಂಬಳ, ಪಾತ್ರೆ ತೊಳೆಯುವ ಹುಡುಗಿಗೆ 5ರಿಂದ 9 ಪೌಂಡ್. ವರ್ಷಕ್ಕೆ, ತಿಂಗಳಿಗಲ್ಲ.

ಈ ಹುಡುಗಿಯರು ಎಷ್ಟು ಜನ ಇದ್ದರು ಅಂದರೆ, 1931ರ ಜನಗಣತಿಯ ಹೊತ್ತಿಗೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದಲ್ಲಿದ್ದರು. ಬಂಗಲೆ ಕೊಲೆಯ ಕಾದಂಬರಿಗಳು ಬಿಸಿ ಬೋಂಡದ ಹಾಗೆ ಖರ್ಚಾಗುತ್ತಿದ್ದ ಕಾಲವೂ ಅದೇ.

ಇನ್ನು ಇವರೆಲ್ಲರ ಜುಟ್ಟು ಹಿಡಿದಿದ್ದ ವಸ್ತು ಒಂದು ಕಾಗದ. ಕೆಲಸ ಬಿಡುವಾಗ ಯಜಮಾನಿ ಬರೆದುಕೊಡುವ ನಡತೆ ಚೀಟಿ. ಅದಿಲ್ಲದೆ ಬೇರೆ ಮನೆಯಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಅದನ್ನು ಬರೆದುಕೊಡಲೇಬೇಕು ಅಂತ ಕಾನೂನೂ ಇರಲಿಲ್ಲ. ಸುಳ್ಳು ಚೀಟಿ ತಂದರೆ 1792ರ ಕಾಯಿದೆ ಪ್ರಕಾರ 20 ಪೌಂಡ್ ದಂಡ, ಅಂದರೆ ಆ ಪಾತ್ರೆ ಹುಡುಗಿಯ ಎರಡರಿಂದ ನಾಲ್ಕು ವರ್ಷದ ದುಡಿಮೆ. ಕಾದಂಬರಿಯಲ್ಲಿ ಪೊಲೀಸರು ಪ್ರಶ್ನೆ ಕೇಳಿದಾಗ ಕೆಲಸದ ಹುಡುಗಿ ಸುಮ್ನೆ ಅಳುತ್ತಾಳೆ, ನೋಡಿದ್ದನ್ನೂ ನೋಡಿಲ್ಲ ಅನ್ನುತ್ತಾಳೆ. ಓದುವಾಗ ಇವಳೇನು ದಡ್ಡಿಯಾ ಅನ್ನಿಸುತ್ತದೆ. ದಡ್ಡಿ ಅಲ್ಲ, ಲೆಕ್ಕ ಗೊತ್ತಿರುವವಳು. ಮನೆಯ ಮರ್ಯಾದೆ ಹೊರಗೆ ಹಾಕಿದವಳಿಗೆ ಚೀಟಿ ಯಾರು ಕೊಡುತ್ತಾರೆ?

ಬೂದಿ, ಬೂಟು, ಬಟ್ಟೆ ಲೆಕ್ಕ

ಹೆಣವನ್ನು ಯಾವಾಗಲೂ ಕೆಲಸದವಳೇ ಯಾಕೆ ಮೊದಲು ನೋಡುತ್ತಾಳೆ? ಕಿರುಚಿ ತಟ್ಟೆ ಬೀಳಿಸಲಿ ಅಂತ ಇಟ್ಟಿದ್ದು ಅಂದುಕೊಂಡಿದ್ದೆ. ನಿಜವಾದ ಕಾರಣ ಅವಳ ದಿನಚರಿ. ಮನೆಯವರು ಏಳುವ ಎರಡು ಮೂರು ಗಂಟೆ ಮೊದಲೇ ಹೌಸ್‌ಮೇಡ್ ಎದ್ದು, ಕೆಳಗಿನ ಒಂದೊಂದು ಕೋಣೆಗೂ ಹೋಗಿ ಕಿಟಕಿಯ ಕದ ತೆಗೆದು, ಅಗ್ಗಿಷ್ಟಿಕೆಯ ಹಳೇ ಬೂದಿ ಬಾಚಿ, ಕಬ್ಬಿಣಕ್ಕೆ ಕಪ್ಪು ಪಾಲಿಶ್ ಹಚ್ಚಿ, ಹೊಸ ಬೆಂಕಿ ಹಾಕಬೇಕು. ಯಜಮಾನರು ಎದ್ದು ಬರುವಷ್ಟರಲ್ಲಿ ಕೋಣೆ ಬೆಚ್ಚಗಿರಬೇಕು, ಬೆಚ್ಚಗೆ ಮಾಡಿದವಳು ಅಲ್ಲಿ ಇರಬಾರದು.

ಈಗ ಇದನ್ನೇ ಪತ್ತೇದಾರನ ಕಣ್ಣಿನಿಂದ ನೋಡಿ. ಬೂದಿಯನ್ನು ದಿನಾ ಬೆಳಗ್ಗೆ ತೆಗೆಯುತ್ತಾರೆ ಅಂದ ಮೇಲೆ ಅಗ್ಗಿಷ್ಟಿಕೆಯಲ್ಲಿ ಸಿಕ್ಕ ಅರ್ಧ ಸುಟ್ಟ ಕಾಗದ ನಿನ್ನೆಯದೇ. ಬೂಟುಗಳನ್ನು ರಾತ್ರಿ ಬಾಗಿಲಾಚೆ ಇಟ್ಟರೆ ಹುಡುಗ ಬಂದು ಉಜ್ಜಿ ಇಡುತ್ತಾನೆ ಅಂದ ಮೇಲೆ ಬೆಳಗ್ಗೆ ಕೆಸರಾಗಿರುವ ಬೂಟು ಯಾರದೋ ಅವನು ರಾತ್ರಿ ಹೊರಗೆ ಹೋಗಿದ್ದಾನೆ. ಹಾಸಿಗೆ ಮುಟ್ಟದೆ ಹಾಗೇ ಇದ್ದರೆ ಅದು ಮೊದಲು ಗೊತ್ತಾಗುವುದು ಬೆಳಗಿನ ಟೀ ತಂದವಳಿಗೆ. ಒಗೆಯಲು ಹಾಕಿದ ಬಟ್ಟೆಗೆ ಲೆಕ್ಕದ ಪುಸ್ತಕ ಇದೆ, ಹಾಗಾಗಿ ರಕ್ತ ಅಂಟಿದ ಅಂಗಿಯನ್ನು ಸುಡಬಹುದು, ಲೆಕ್ಕದಿಂದ ಕಿತ್ತುಹಾಕುವುದು ಕಷ್ಟ. ಊಟಕ್ಕೆ ಬಟ್ಟೆ ಬದಲಿಸಲು ಒಂದು ಸಲ ಜಾಗಟೆ, ಊಟಕ್ಕೆ ಇನ್ನೊಂದು ಸಲ. ಇಡೀ ಮನೆ ಒಂದು ಗಡಿಯಾರ, ಅದಕ್ಕೆ ಕೀಲಿ ಕೊಡುವವರು ಕೆಲಸದವರು. ಕೊಲೆಗಾರ ಆ ಗಡಿಯಾರಕ್ಕೆ ಅಡ್ಡ ಬಂದ ಕಡೆಯೆಲ್ಲ ಒಂದು ಗುರುತು ಬೀಳುತ್ತದೆ.

ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ 1920ರಲ್ಲಿ ಅಚ್ಚಾಯಿತು, ಸ್ಟೈಲ್ಸ್ ಅನ್ನುವ ಬಂಗಲೆಯ ಕತೆ. ಅದರಲ್ಲಿ ಪತ್ತೇದಾರ ಪ್ವಾರೋನ ತಲೆ ಓಡುವುದು ಇಂಥ ಕಡೆಗಳಲ್ಲೇ. ಸುಡುವ ಬೇಸಿಗೆಯ ದಿನ ಯಜಮಾನಿ ತನ್ನ ಕೋಣೆಯಲ್ಲಿ ಬೆಂಕಿ ಹಾಕಿಸಿದ್ದಾಳೆ, ಯಾಕೆ? ಅವಳ ಕೋಣೆಯ ನೆಲದ ಮೇಲೆ ತೋಟದ ಮಣ್ಣು ಬಿದ್ದಿದೆ, ತೋಟದವರು ಅಲ್ಲಿಗೆ ಯಾಕೆ ಬಂದರು? ವಿಚಾರಿಸಿದರೆ ತೋಟದ ಕೆಲಸದ ಇಬ್ಬರನ್ನು ಒಳಗೆ ಕರೆದು ಒಂದು ಕಾಗದದ ಕೆಳಗೆ ಸಹಿ ಹಾಕಿಸಿದ್ದಾಳೆ. ಇಂಗ್ಲೆಂಡಿನಲ್ಲಿ 1837ರ ವಿಲ್ ಕಾಯಿದೆ ಪ್ರಕಾರ ವಿಲ್‌ಗೆ ಇಬ್ಬರು ಸಾಕ್ಷಿ ಬೇಕು. ಸಾಕ್ಷಿ ಹಾಕಿದವರಿಗೆ ಆ ವಿಲ್‌ನಿಂದ ಬಿಡಿಗಾಸೂ ಸಿಗುವಂತಿಲ್ಲ. ಹಾಗಾಗಿ ಅವಸರದಲ್ಲಿ ವಿಲ್ ಬರೆಯುವ ಸಿರಿವಂತರು ನೆಂಟರನ್ನು ಕರೆಯದೆ ತೋಟದವನನ್ನೋ ಅಡುಗೆಯವಳನ್ನೋ ಕರೆಯುತ್ತಾರೆ. ಆಸ್ತಿಯ ಕಾಗದದ ಮೇಲೆ ಬಡವರ ಸಹಿ ಇರುವುದು ಅವರಿಗೆ ಏನೂ ಸಿಗುವುದಿಲ್ಲ ಅನ್ನುವ ಭರವಸೆಯಿಂದ! ಪ್ವಾರೋ ಆ ಮಣ್ಣು ನೋಡಿಯೇ ಹೊಸ ವಿಲ್ ಇತ್ತು, ಅದನ್ನು ಸುಟ್ಟಿದ್ದಾರೆ ಅಂತ ಹೇಳುತ್ತಾನೆ. ಬರೀ ಜಾಣತನ ಅಲ್ಲ, ತೋಟದವರು ಮನೆಯೊಳಗೆ ಕಾಲಿಡುವುದೇ ವಿಚಿತ್ರ ಅನ್ನುವ ಸಮಾಜ ಇದ್ದದ್ದರಿಂದ ಆ ಮಣ್ಣು ಸುಳಿವಾಯಿತು.

ಒಂದು ನೈಟ್‌ಗೌನ್

ಬಟ್ಟೆ ಲೆಕ್ಕದ ವಿಷಯ ಕಾದಂಬರಿಕಾರರ ತಲೆಯಿಂದ ಬಂದಿದ್ದಲ್ಲ. ಅದರ ಹಿಂದೆ ನಿಜವಾದ ಒಂದು ಕೊಲೆ ಇದೆ.

1860ರ ಜೂನ್ ಕೊನೆ. ಇಂಗ್ಲೆಂಡಿನ ವಿಲ್ಟ್‌ಶೈರ್‌ನ ರೋಡ್ ಹಿಲ್ ಹೌಸ್ ಅನ್ನುವ ಮನೆ. ಯಜಮಾನ ಸ್ಯಾಮ್ಯುಯೆಲ್ ಕೆಂಟ್ ಕಾರ್ಖಾನೆಗಳ ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ. ರಾತ್ರಿ ಮಲಗಿದ್ದ ಮಗು ಸ್ಯಾವಿಲ್, ಇನ್ನೂ ನಾಲ್ಕು ತುಂಬಿರಲಿಲ್ಲ, ಬೆಳಗ್ಗೆ ಹಾಸಿಗೆಯಲ್ಲಿಲ್ಲ. ಹುಡುಕಿದರೆ ತೋಟದಲ್ಲಿ ಕೆಲಸದವರು ಬಳಸುವ ಪಾಯಿಖಾನೆಯೊಳಗೆ ಕತ್ತು ಕೊಯ್ದ ಹೆಣ. ಊರಿನ ಪೊಲೀಸರು ತಡಮಾಡದೆ ಮಗು ನೋಡಿಕೊಳ್ಳುತ್ತಿದ್ದ ಆಯಾ ಎಲಿಜಬೆತ್ ಗಫ್‌ಳನ್ನು ಹಿಡಿದರು. ಆಮೇಲೆ ಲಂಡನ್ನಿನಿಂದ, ಅಲ್ಲಿನ ಪೊಲೀಸರ ಮುಖ್ಯ ಕಚೇರಿ ಸ್ಕಾಟ್ಲೆಂಡ್ ಯಾರ್ಡಿನಿಂದ, ಜೊನಾಥನ್ ವಿಚರ್ ಬಂದ. ಅಲ್ಲಿ ಪತ್ತೇದಾರರ ವಿಭಾಗ ಶುರುವಾಗಿದ್ದೇ 1842ರಲ್ಲಿ, ಎಂಟೇ ಜನರಿಂದ, ವಿಚರ್ ಆ ಮೊದಲ ತಂಡದವನು. ತೋಟದ ಮಾಲಿಯ ಮಗ.

ಅವನು ನೇರ ಹೋಗಿ ಕೈ ಇಟ್ಟಿದ್ದು ಬಟ್ಟೆ ಪಟ್ಟಿಯ ಮೇಲೆ. ಯಜಮಾನನ ಮೊದಲ ಹೆಂಡತಿಯ ಮಗಳು, 16 ವರ್ಷದ ಕಾನ್ಸ್‌ಟನ್ಸ್, ಅವಳಿಗೆ ಮೂರು ನೈಟ್‌ಗೌನ್ ಇರಬೇಕು, ಎರಡೇ ಇವೆ. ಒಗೆಯಲು ಹಾಕಿದ್ದೆ, ಅಗಸಗಿತ್ತಿ ಕಳೆದಳು ಅನ್ನುವುದು ಹುಡುಗಿಯ ಕತೆ. ಬಟ್ಟೆ ಎಣಿಸಿ ಬುಟ್ಟಿಗೆ ಹಾಕುತ್ತಿದ್ದ ಕೆಲಸದವಳನ್ನು ಸುಳ್ಳು ನೆಪ ಹೇಳಿ ಒಂದು ನಿಮಿಷ ಆಚೆ ಕಳಿಸಿ, ಬುಟ್ಟಿಯಿಂದ ಒಂದನ್ನು ವಾಪಸು ಎತ್ತಿಕೊಂಡಿದ್ದಾಳೆ ಅನ್ನುವುದು ವಿಚರ್‌ನ ಲೆಕ್ಕ. ಅವಳನ್ನು ಬಂಧಿಸಿದ. ಇನ್ನೊಂದು ಮಾತು ಇಲ್ಲಿ ಹೇಳಬೇಕು. ಸತ್ತ ಮಗುವಿನ ತಾಯಿ, ಅಂದರೆ ಈ ಹುಡುಗಿಯ ಮಲತಾಯಿ, ಮೊದಲು ಅದೇ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಗವರ್ನೆಸ್. ಸಂಬಳಕ್ಕೆ ಬಂದವಳು ಯಜಮಾನಿಯಾಗಿದ್ದಳು.

ಇಡೀ ದೇಶ ವಿಚರ್ ಮೇಲೆ ಹರಿಹಾಯ್ದಿತು. ಮರ್ಯಾದಸ್ಥರ ಮನೆಯ ಹೆಣ್ಣುಮಗಳ ಒಳಬಟ್ಟೆ ಎಣಿಸುವುದಕ್ಕೆ ಈ ಮಾಲಿಯ ಮಗ ಯಾರು ಅನ್ನುವ ಧಾಟಿ. ಹುಡುಗಿಯನ್ನು ಬಿಟ್ಟರು. ಆಯಾಳನ್ನು ಮತ್ತೆ ಹಿಡಿದು ಮತ್ತೆ ಬಿಟ್ಟರು. ವಿಚರ್ ಹೆಸರು ಕೆಟ್ಟು, 1864ರಲ್ಲಿ ಕೆಲಸದಿಂದ ನಿವೃತ್ತನಾದ. ಮರುವರ್ಷವೇ, 1865ರಲ್ಲಿ, ಕಾನ್ಸ್‌ಟನ್ಸ್ ತಾನಾಗಿ ಬಂದು ತಪ್ಪೊಪ್ಪಿಕೊಂಡಳು. ಗಲ್ಲು ಜೀವಾವಧಿಗೆ ಇಳಿದು, 20 ವರ್ಷ ಜೈಲಿನಲ್ಲಿದ್ದು, ಆಸ್ಟ್ರೇಲಿಯಾಕ್ಕೆ ಹೋಗಿ ನರ್ಸ್ ಆಗಿ, 1944ರಲ್ಲಿ ನೂರು ವರ್ಷದವಳಾಗಿ ಸತ್ತಳು.

ಈ ನೈಟ್‌ಗೌನನ್ನು ವಿಲ್ಕಿ ಕಾಲಿನ್ಸ್ 1868ರಲ್ಲಿ ‘ದಿ ಮೂನ್‌ಸ್ಟೋನ್’ ಕಾದಂಬರಿಗೆ ಎತ್ತಿಕೊಂಡ. ಇಲ್ಲಿ ನಮ್ಮೂರು ಬರುತ್ತದೆ. ಕತೆ ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ, 1799ರ ಮೇ ತಿಂಗಳಲ್ಲಿ, ಕೋಟೆ ಬಿದ್ದ ದಿನ. ಊರಿನ ಲೂಟಿಯ ನಡುವೆ ಒಬ್ಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ಕೊಲೆ ಮಾಡಿ ಒಂದು ಹಳದಿ ವಜ್ರ ಹೊಡೆಯುತ್ತಾನೆ. ವಜ್ರ ಕಲ್ಪನೆಯದು, ಲೂಟಿ ನಿಜದ್ದು. ಆ ವಜ್ರ ಮುಂದೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಬಂಗಲೆ ಸೇರಿ, ರೇಚಲ್ ಅನ್ನುವ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಕಾಣೆಯಾಗುತ್ತದೆ. ಪೊಲೀಸರು ಮೊದಲು ಜಾಲಾಡುವುದು ಯಾರ ಪೆಟ್ಟಿಗೆ ಅಂತ ಹೇಳಬೇಕಾಗಿಲ್ಲ. ಕದ್ದ ಮಾಲನ್ನು ಕಳ್ಳತನ ಮಾಡಿದವರು ಯಾರು ಅಂತ ಕೆಲಸದವರ ಹಾಸಿಗೆ ಮಗುಚುತ್ತಾರೆ!

ಆ ಮನೆಯಲ್ಲಿ ರೊಸಾನಾ ಅನ್ನುವ ಹೌಸ್‌ಮೇಡ್ ಇದ್ದಾಳೆ. ಮೊದಲು ಕಳ್ಳತನ ಮಾಡಿ ಜೈಲು ಕಂಡವಳು. ಮನೆಗೆ ಬಂದ ಫ್ರಾಂಕ್ಲಿನ್ ಅನ್ನುವ ಯುವಕನ ಮೇಲೆ ಅವಳಿಗೆ ಪ್ರಾಣ. ಅವನು ಅವಳ ಮುಖವನ್ನೂ ಸರಿಯಾಗಿ ನೋಡಿಲ್ಲ. ಕೋಣೆ ಗುಡಿಸುವಾಗ ಅವನ ನೈಟ್‌ಗೌನ್ ಮೇಲೆ ಬಾಗಿಲಿನ ಹಸಿ ಬಣ್ಣ ಮೆತ್ತಿದ್ದನ್ನು ನೋಡುತ್ತಾಳೆ, ವಜ್ರ ಹೋದ ಕೋಣೆಯ ಬಾಗಿಲದು. ಪತ್ತೇದಾರ ಬಟ್ಟೆ ಪುಸ್ತಕ ಕೇಳುತ್ತಾನೆ ಅನ್ನುವುದು ಅವಳಿಗೆ ಗೊತ್ತು. ಅಂಗಡಿಯಿಂದ ಬಟ್ಟೆ ತಂದು ರಾತ್ರಿಯೆಲ್ಲ ಕೂತು ಅಂಥದ್ದೇ ಹೊಸದನ್ನು ಹೊಲಿದು ಇಡುತ್ತಾಳೆ, ಬಣ್ಣ ಮೆತ್ತಿದ್ದನ್ನು ಸಮುದ್ರದ ದಂಡೆಯ ಹೂಳುಮರಳಿನಲ್ಲಿ ಬಚ್ಚಿಡುತ್ತಾಳೆ, ಕೊನೆಗೆ ತಾನೂ ಅದರಲ್ಲೇ ಮುಳುಗಿ ಸಾಯುತ್ತಾಳೆ. ಅವಳು ಬರೆದಿಟ್ಟ ಪತ್ರದಲ್ಲಿ ಒಂದು ಮಾತು ಬರುತ್ತದೆ, ರೇಚಲಮ್ಮನವರಿಗೆ ಕೆಲಸದವಳ ಬಟ್ಟೆ ತೊಡಿಸಿ ಒಡವೆ ಬಿಚ್ಚಿಟ್ಟರೆ ಹೇಗೆ ಕಂಡಾರು ಅಂತ. ರೊಸಾನಾಳ ಕುಂಟು ಕಾಲಿನ ಗೆಳತಿಯಂತೂ ಬಡವರು ದಂಗೆ ಏಳುವ ದಿನ ದೂರವಿಲ್ಲ, ಶುರು ಮಾಡುವಾಗ ಈ ಫ್ರಾಂಕ್ಲಿನ್‌ನಿಂದಲೇ ಶುರು ಮಾಡಲಿ ಅನ್ನುತ್ತಾಳೆ. ಕಳ್ಳ ಮಾತ್ರ ಕೊನೆಗೂ ಸಿಗುವುದು ಮೇಲಿನವರ ನಡುವೆ, ದಾನಧರ್ಮಕ್ಕೆ ಹೆಸರಾದ ಒಬ್ಬ ದೊಡ್ಡಮನುಷ್ಯ. 150 ವರ್ಷ ದಾಟಿದ ಪುಸ್ತಕ, ಇವತ್ತಿಗೂ ಈ ಸಾಲಿನಲ್ಲಿ ನನಗೆ ಇದೇ ಮೊದಲು.

ಭಯ ಯಾರಿಗೆ ಯಾರದು

1840ರ ಮೇ ತಿಂಗಳಲ್ಲಿ ಲಂಡನ್ನಿನ ಪಾರ್ಕ್ ಲೇನ್ ಹತ್ತಿರ ಲಾರ್ಡ್ ವಿಲಿಯಂ ರಸೆಲ್ ಅನ್ನುವ ಮುದುಕ ತನ್ನ ಹಾಸಿಗೆಯಲ್ಲೇ ಕತ್ತು ಕೊಯ್ದು ಸತ್ತಿದ್ದ. ಮಾಡಿದವನು ಅವನ ವ್ಯಾಲೆ, ಸ್ವಿಟ್ಜರ್ಲೆಂಡಿನ ಕುರ್ವಾಸಿಯೆ. ಜುಲೈ 6ರಂದು ನ್ಯೂಗೇಟ್ ಜೈಲಿನ ಮುಂದೆ ಅವನನ್ನು ಗಲ್ಲಿಗೇರಿಸಿದಾಗ ನೋಡಲು ಹತ್ತಾರು ಸಾವಿರ ಜನ, ಅವರಲ್ಲಿ ಕಾದಂಬರಿಕಾರರಾದ ಡಿಕನ್ಸ್, ಥ್ಯಾಕರೆ ಇಬ್ಬರೂ ಇದ್ದರು. ಸಿರಿವಂತರಿಗೆ ಕಾಡಿದ ಯೋಚನೆ ಇಷ್ಟೇ, ದಿನಾ ಬೆಳಗ್ಗೆ ನಮ್ಮ ಗಡ್ಡ ಹೆರೆಯಲು ಕುತ್ತಿಗೆಗೆ ಕತ್ತಿ ಹಿಡಿಯುವವನು ಯಾರು?

ಅದಕ್ಕೆ 80 ವರ್ಷ ಮೊದಲಿನ ಉಲ್ಟಾ ಕತೆ ಅಷ್ಟು ಜನಕ್ಕೆ ಗೊತ್ತಿಲ್ಲ. 1760ರ ಜನವರಿಯಲ್ಲಿ ಅರ್ಲ್ ಫೆರರ್ಸ್ ಅನ್ನುವ ಶ್ರೀಮಂತ ತನ್ನ ಹಳೇ ಪಾರುಪತ್ತೇಗಾರ ಜಾನ್ಸನ್‌ನನ್ನು ಕರೆಸಿ ಗುಂಡು ಹೊಡೆದ. ಅವನ ವಿಚಾರಣೆ ಸಾಮಾನ್ಯ ಕೋರ್ಟಿನಲ್ಲಿ ನಡೆಯಲಿಲ್ಲ. ಲಾರ್ಡ್‌ಗಳ ತಪ್ಪನ್ನು ಲಾರ್ಡ್‌ಗಳ ಸಭೆಯೇ ವಿಚಾರಿಸಬೇಕು ಅನ್ನುವುದು ಅಲ್ಲಿನ ಪದ್ಧತಿ. ಅವನಿಗೆ ಗಲ್ಲಾಯಿತು, ಹೌದು, ಆದರೆ ಹಾಗೆ ಗಲ್ಲಿಗೇರಿದ ಲಾರ್ಡ್ ಅವನೇ ಕೊನೆ. ಆ ಪದ್ಧತಿ ಮಾತ್ರ 1948ರವರೆಗೂ ಉಳಿಯಿತು, ಕೊನೆಯ ಸಲ 1935ರಲ್ಲಿ ಒಂದು ಕಾರು ಅಪಘಾತದ ಕೇಸಿನಲ್ಲಿ ಲಾರ್ಡ್ ಡಿ ಕ್ಲಿಫರ್ಡ್ ಅನ್ನುವವರನ್ನು ಹೀಗೆ ವಿಚಾರಿಸಿ ಬಿಟ್ಟರು. ಹಳ್ಳಿ ಕಡೆ ಮ್ಯಾಜಿಸ್ಟ್ರೇಟ್ ಆಗಿ ಕೂರುತ್ತಿದ್ದವರೂ ಬಹುಪಾಲು ಅಲ್ಲಿನ ಜಮೀನ್ದಾರರೇ. ಬಂಗಲೆಗೆ ಬಂದ ಇನ್‌ಸ್ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ತಡವರಿಸುವುದು ತಮಾಷೆಗೆ ಬರೆದದ್ದಲ್ಲ.

ಹಾಗಾದರೆ ‘ಬಟ್ಲರೇ ಕೊಲೆ ಮಾಡಿದ’ ಅನ್ನುವ ಮಾತು? ಎಲ್ಲರ ಬಾಯಲ್ಲಿದೆ, ಪುಸ್ತಕಗಳಲ್ಲಿ ಹುಡುಕಿದರೆ ಅಪರೂಪ. 1928ರಲ್ಲಿ ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ ಪತ್ತೇದಾರಿ ಬರೆಯುವವರಿಗೆ 20 ನಿಯಮ ಕಟ್ಟಿಕೊಟ್ಟ. ಅದರಲ್ಲೊಂದು, ಕೆಲಸದವರನ್ನು ಕೊಲೆಗಾರ ಮಾಡಬೇಡಿ ಅಂತ. ಓಹೋ ಎಂಥ ಕರುಣೆ ಅನ್ನಬೇಡಿ. ಅವನು ಕೊಡುವ ಕಾರಣ, ಅದು ತೀರಾ ಸುಲಭದ ಉತ್ತರ, ಅಪರಾಧಿ ಅಂದರೆ ಲೆಕ್ಕಕ್ಕೆ ಬರುವಂಥ ಮನುಷ್ಯನಾಗಿರಬೇಕು. ಕೊಲೆ ಮಾಡುವುದಕ್ಕೂ ಒಂದು ಅಂತಸ್ತು ಬೇಕು!

ಇಂಗ್ಲಿಷ್ ಲೇಖಕರು ಇದಕ್ಕಿಂತ ಚುರುಕಾದ ದಾರಿ ಹಿಡಿದರು. ಕೆಲಸದವರು ಕೊಲೆ ಮಾಡಬೇಕಾಗಿಲ್ಲ, ಕೊಲೆ ಮಾಡುವವರು ಕೆಲಸದವರ ಬಟ್ಟೆ ಹಾಕಿಕೊಂಡರೆ ಸಾಕು, ಯಾರೂ ತಿರುಗಿ ನೋಡುವುದಿಲ್ಲ. 1911ರಲ್ಲಿ ಬಂದ ಚೆಸ್ಟರ್ಟನ್‌ನ ಫಾದರ್ ಬ್ರೌನ್ ಸಂಕಲನದಲ್ಲಿ ಇದರ ಮೇಲೆ ಒಂದು ಕತೆ ಇದೆ, ಅಲ್ಲಿ ಪಾದ್ರಿಯೇ ಪತ್ತೇದಾರ. ಸಿರಿವಂತರ ಕ್ಲಬ್ಬಿನ ಊಟ. ಅತಿಥಿಗಳದ್ದೂ ಕರಿ ಕೋಟು, ವೇಟರ್‌ಗಳದ್ದೂ ಕರಿ ಕೋಟು. ಕಳ್ಳ ವೇಟರ್‌ಗಳ ನಡುವೆ ಹೋದಾಗ ಕೈಯನ್ನು ಜೇಬಿಗಿಟ್ಟು ಅಡ್ಡಾಡುತ್ತಾನೆ, ಯಾರೋ ದೊಡ್ಡವರು ಅಂದುಕೊಳ್ಳುತ್ತಾರೆ. ದೊಡ್ಡವರ ನಡುವೆ ಬಂದಾಗ ತಲೆ ತಗ್ಗಿಸಿ ಸರಸರ ಓಡುತ್ತಾನೆ, ಯಾರೋ ವೇಟರ್ ಅಂದುಕೊಳ್ಳುತ್ತಾರೆ. ಓಣಿಯಲ್ಲಿ ಒಂದೇ ಜೋಡಿ ಕಾಲು ಎರಡು ಥರ ನಡೆಯುವ ಸದ್ದು ಕೇಳಿ ಫಾದರ್ ಹಿಡಿಯುತ್ತಾನೆ. ಕತೆಯ ಕೊನೆಗೆ ಆ ಕ್ಲಬ್ಬಿನ ಸದಸ್ಯರು ಒಂದು ತೀರ್ಮಾನಕ್ಕೆ ಬರುತ್ತಾರೆ, ಇನ್ನು ಮುಂದೆ ನಾವು ಹಸಿರು ಕೋಟು ಹಾಕೋಣ ಅಂತ. ಇಲ್ಲದಿದ್ದರೆ ನಮ್ಮನ್ನೂ ವೇಟರ್ ಅಂದುಕೊಂಡಾರು!

ಕ್ರಿಸ್ಟಿ ಈ ವೇಷದ ಉಪಾಯವನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಿದ್ದಾಳೆ, ಯಾವ ಪುಸ್ತಕ ಅಂತ ಹೇಳಿದರೆ ನಿಮ್ಮ ಶಾಪ ತಟ್ಟುತ್ತದೆ. ಅವಳಿಗೆ ಕೆಲಸದವರ ಬಗ್ಗೆ ಕಳಕಳಿ ಇಲ್ಲ, ಎಲ್ಲರೂ ಮೂಗು ಸುರಿಸುವ ದಡ್ಡಿಯರು ಅನ್ನುವ ದೂರು ಇದೆ. ಪೂರ್ತಿ ಸುಳ್ಳಲ್ಲ. ಆದರೆ 1953ರ ‘ಎ ಪಾಕೆಟ್ ಫುಲ್ ಆಫ್ ರೈ’ ಓದಿ. ಸಿರಿವಂತನೊಬ್ಬ ಸಾಯುತ್ತಾನೆ, ಅವನ ಹೆಂಡತಿ ಸಾಯುತ್ತಾಳೆ, ಗ್ಲಾಡಿಸ್ ಅನ್ನುವ ಕೆಲಸದವಳೂ ಸಾಯುತ್ತಾಳೆ. ಅನಾಥಾಶ್ರಮದಿಂದ ಬಂದ ಹುಡುಗಿ ಅವಳು, ಪ್ರೀತಿಯ ನಾಟಕವಾಡಿದ ಒಬ್ಬನ ಮಾತು ನಂಬಿ ತನಗೇ ಗೊತ್ತಿಲ್ಲದೆ ವಿಷ ಹಾಕಿದವಳು. ಬಟ್ಟೆ ಒಣಹಾಕುವ ಕಡೆ ಅವಳ ಹೆಣ, ಮೂಗಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಅವಳಿಗೆ ಮನೆಗೆಲಸ ಕಲಿಸಿದ್ದವಳು ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್. ಆ ಮುದುಕಿ ರೈಲು ಹತ್ತಿ ಬರುವುದು ಸಿರಿವಂತನಿಗಾಗಿ ಅಲ್ಲ, ಆ ಕ್ಲಿಪ್ಪು ಸಿಕ್ಕಿಸಿದವನ ಮೇಲಿನ ಸಿಟ್ಟಿಗೆ.

ಇನ್‌ಸ್ಪೆಕ್ಟರ್ ಕೇಳದೇ ಹೋದದ್ದು

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ ‘ಗಾಸ್‌ಫರ್ಡ್ ಪಾರ್ಕ್’ ಸಿನಿಮಾಕ್ಕೆ ಬರುವುದಕ್ಕೆ. 2001ರದ್ದು, ನಿರ್ದೇಶಕ ರಾಬರ್ಟ್ ಆಲ್ಟ್‌ಮನ್, ಬರೆದವರು ಜೂಲಿಯನ್ ಫೆಲೋಸ್, ಚಿತ್ರಕತೆಗೆ ಆಸ್ಕರ್ ಬಂತು. ಕತೆ 1932ರ ನವೆಂಬರಿನದು, ಬೇಟೆಗೆ ಅಂತ ಬಂಗಲೆಯಲ್ಲಿ ಸೇರಿದ ನೆಂಟರಿಷ್ಟರು. ಮೊದಲ ದೃಶ್ಯದಲ್ಲೇ ಕಾರು ನಿಲ್ಲಿಸಿ, ಸುರಿಯುವ ಮಳೆಯಲ್ಲಿ ಲೇಡೀಸ್ ಮೇಡ್ ಮೇರಿ ಕೆಳಗಿಳಿದು, ಒಳಗೆ ಬೆಚ್ಚಗೆ ಕೂತ ಯಜಮಾನಿಯ ಫ್ಲಾಸ್ಕಿನ ಮುಚ್ಚಳ ತೆಗೆದುಕೊಡುತ್ತಾಳೆ. ಬಂಗಲೆ ತಲುಪಿದ ಮೇಲೆ ಅವಳ ಹೆಸರೂ ಹೋಗುತ್ತದೆ. ಅತಿಥಿಗಳ ಜೊತೆ ಬಂದ ಕೆಲಸದವರನ್ನೆಲ್ಲ ಅವರವರ ಯಜಮಾನರ ಹೆಸರಿನಿಂದಲೇ ಕರೆಯುವುದು, ಊಟಕ್ಕೆ ಕೂರಿಸುವುದೂ ಯಜಮಾನರ ಅಂತಸ್ತಿನ ಲೆಕ್ಕದಲ್ಲೇ.

ಆಲ್ಟ್‌ಮನ್ ಇದರಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದ. ಮೇಲಿನ ಯಾವ ಕೋಣೆಗೂ ಕ್ಯಾಮೆರಾ ಒಂಟಿಯಾಗಿ ಹೋಗುವುದಿಲ್ಲ, ಅಲ್ಲಿ ಯಾರಾದರೂ ಕೆಲಸದವರು ಇದ್ದರೆ, ಬಂದರೆ ಮಾತ್ರ ನಾವೂ ಅಲ್ಲಿರುತ್ತೇವೆ. ಅಂದರೆ ಮೇಲಿನವರ ಬಗ್ಗೆ ಕೆಲಸದವರಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಮಾತಿನ ತುಂಡುಗಳು, ಅರ್ಧ ಜಗಳಗಳು, ಬಾಗಿಲು ಮುಚ್ಚುವ ಮೊದಲು ಕಿವಿಗೆ ಬಿದ್ದಷ್ಟು. ಮೊದಲ ಸಲ ನೋಡುವವರಿಗೆ ಯಾರು ಯಾರ ಗಂಡ ಅಂತಲೇ ತಿಳಿಯುವುದಿಲ್ಲ, ನನಗೂ ತಿಳಿದಿರಲಿಲ್ಲ. ನಟ ಐವರ್ ನೊವೆಲೊ ಪಿಯಾನೊ ನುಡಿಸಿ ಹಾಡುವ ದೃಶ್ಯವಂತೂ ಸಿನಿಮಾದ ಜೀವ. ಮೇಲಿನವರು ಆಕಳಿಸುತ್ತಾ ಇಸ್ಪೀಟು ಆಡುತ್ತಿದ್ದಾರೆ. ಕತ್ತಲ ಮೆಟ್ಟಿಲ ಮೇಲೆ, ಬಾಗಿಲ ಮರೆಯಲ್ಲಿ ಆಳುಕಾಳುಗಳು ಉಸಿರು ಹಿಡಿದು ಕೇಳುತ್ತಿದ್ದಾರೆ. ಅದೇ ಹೊತ್ತಿನಲ್ಲಿ ಯಜಮಾನ ಸರ್ ವಿಲಿಯಂ ಸಾಯುತ್ತಾನೆ.

ಇನ್‌ಸ್ಪೆಕ್ಟರ್ ಬರುತ್ತಾನೆ. ಜೊತೆಯ ಪೇದೆಗೆ ಕಣ್ಣಿದೆ, ಇವನಿಗಿಲ್ಲ. ಕೆಲಸದವರನ್ನು ವಿಚಾರಿಸುವ ಆಸಕ್ತಿ ತನಗಿಲ್ಲ, ಸತ್ತವನ ಜೊತೆ ನಿಜವಾದ ಸಂಬಂಧ ಇದ್ದವರು ಸಾಕು ಅನ್ನುತ್ತಾನೆ. ಇಡೀ ಸಿನಿಮಾ ಕಟ್ಟಿರುವುದು ಈ ಮಾತಿನ ಸುತ್ತ. ಸತ್ತವನ ಜೊತೆ ನಿಜವಾದ ಸಂಬಂಧ ಇದ್ದದ್ದೇ ಕೆಳಗಿನವರಿಗೆ. ಸರ್ ವಿಲಿಯಂ ತನ್ನ ಕಾರ್ಖಾನೆಯ ಹುಡುಗಿಯರನ್ನು ಕೆಡಿಸಿ, ಹುಟ್ಟಿದ ಮಕ್ಕಳನ್ನು ಒಳ್ಳೇ ಮನೆಗೆ ಕೊಡುತ್ತೇನೆ ಅಂತ ನಂಬಿಸಿ ಅನಾಥಾಶ್ರಮಕ್ಕೆ ತಳ್ಳಿದವನು. ಹಾಗೆ ತಳ್ಳಿದ ಒಬ್ಬ ಮಗ ಈಗ ಅತಿಥಿಯೊಬ್ಬನ ವ್ಯಾಲೆಯಾಗಿ ಬಂದಿದ್ದಾನೆ, ಚೂರಿಯೂ ತಂದಿದ್ದಾನೆ. ಹೌಸ್‌ಕೀಪರ್ ಮಿಸೆಸ್ ವಿಲ್ಸನ್ ಅವನ ತಾಯಿ. ಒಳ್ಳೇ ಕೆಲಸದವಳ ಗುಣವೇ ಯಜಮಾನರಿಗೆ ಹಸಿವಾಗುವ ಮೊದಲೇ ತಿಳಿಯುವುದು ಅಂತ ಅವಳು ಮೇರಿಗೆ ಹೇಳುತ್ತಾಳೆ. ಮಗ ಏನು ಮಾಡಲಿದ್ದಾನೆ ಅನ್ನುವುದೂ ಅವಳಿಗೆ ಹಾಗೇ ಮೊದಲೇ ತಿಳಿಯಿತು. ಅವನು ಚೂರಿ ಹಾಕುವ ಮೊದಲೇ ಇವಳು ವಿಷ ಕೊಟ್ಟಾಗಿತ್ತು, ಹೆಣಕ್ಕೆ ಚುಚ್ಚಿದವನಿಗೆ ಗಲ್ಲಿಲ್ಲ ಅನ್ನುವ ಲೆಕ್ಕದಲ್ಲಿ.

ಇದೇ ಫೆಲೋಸ್ 2010ರಲ್ಲಿ ‘ಡೌನ್ಟನ್ ಆ್ಯಬಿ’ ಧಾರಾವಾಹಿ ತಂದರು. ಅಲ್ಲಿ ಯಜಮಾನರು ಕರುಣಾಳುಗಳು, ಬಟ್ಲರಿಗೆ ಮನೆಯೇ ದೇವಸ್ಥಾನ. ಕಣ್ಣಿಗೆ ಹಬ್ಬ, ಆದರೆ ಆ ಸಿನಿಮಾದ ಖಾರ ಇಲ್ಲಿ ಹಾಲು ಬೆರೆಸಿ ತಣ್ಣಗಾಗಿದೆ. ನೋಡಿದೆ, ಎಲ್ಲ ಸೀಸನ್ ನೋಡಿದೆ, ಸುಳ್ಳು ಯಾಕೆ ಹೇಳಲಿ.

‘ಗಾಸ್‌ಫರ್ಡ್ ಪಾರ್ಕ್’ನಲ್ಲಿ ಪತ್ತೇದಾರಿ ಕೆಲಸ ಪೂರ್ತಿ ಮಾಡುವವಳು ಮೇರಿ ಒಬ್ಬಳೇ. ಬಟ್ಟೆಗೆ ಇಸ್ತ್ರಿ ಮಾಡುತ್ತಾ, ತಟ್ಟೆ ಹೊರುತ್ತಾ, ಕಿವಿಗೆ ಬಿದ್ದದ್ದನ್ನು ಕೂಡಿಸುತ್ತಾ. ಹೊರಡುವ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತು, ಪೊಲೀಸರಿಗೆ ಏನೂ ಗೊತ್ತಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳುವುದಿಲ್ಲ. ಯಜಮಾನಿಯ ಪೆಟ್ಟಿಗೆಗಳನ್ನು ಕಾರಿಗೆ ತುಂಬಿಸಿ, ತಾನು ಹತ್ತಿ ಕೂತು ಹೊರಟುಬಿಡುತ್ತಾಳೆ.